ಮುಚ್ಚಿದ ಬಂಕಿನ ನೀರು ಕ್ರೀಕಿಗೆ: ಆ ಎರಡು ಡ್ರಮ್ಮುಗಳ ನಡುವಿನ ನಲ್ಲಿ

ಪ್ರಶ್ನೆ: ನಾವು ಕ್ಯಾಲಿಫೋರ್ನಿಯಾದ ಸನ್ನಿವೇಲ್‌ನಲ್ಲಿದ್ದೇವೆ. ನಾನು ದಿನಾ ವಾಕಿಂಗ್ ಹೋಗುವ ದಾರಿಯಲ್ಲಿ ಮುಚ್ಚಿಹೋದ ಒಂದು ಪೆಟ್ರೋಲ್ ಬಂಕ್ ಇದೆ. ಬೇಲಿಯೊಳಗೆ ಎರಡು ದೊಡ್ಡ ಉಕ್ಕಿನ ಡ್ರಮ್, ಒಂದು ಟ್ರೇಲರ್, ಹಗಲೂ ರಾತ್ರಿ ಗುಂಯ್ ಅನ್ನುವ ಪಂಪು. ಅಲ್ಲಿಂದ ಒಂದು ಪೈಪು ಹೊರಟು ಮಳೆನೀರಿನ ಮೋರಿಗೆ ಬೀಳುತ್ತದೆ. ವಿಚಾರಿಸಿದರೆ, "ಪೆಟ್ರೋಲ್ ಸೇರಿದ್ದ ಅಂತರ್ಜಲವನ್ನು ಶುದ್ಧ ಮಾಡಿ ಬಿಡ್ತಿದ್ದೇವೆ, ಪರ್ಮಿಟ್ ಇದೆ" ಅಂದರು. ಮೋರಿ ಹೋಗಿ ಸೇರುವುದು ಕ್ರೀಕಿಗೆ, ಅಂದರೆ ಇಲ್ಲಿನ ಸಣ್ಣ ಹೊಳೆಗೆ. ನನ್ನ ಮಗಳು ಅಲ್ಲೇ ಕಲ್ಲು ಆರಿಸುತ್ತಾಳೆ. ಇದು ಹೇಗೆ ಸರಿ ಸರ್? ಯಾರು ನೋಡಿಕೊಳ್ತಾರೆ? ನಮ್ಮೂರ ಬಂಕುಗಳಿಗೂ ಇಂಥ ನಿಯಮ ಇದೆಯಾ?

ಉತ್ತರ: "ಪರ್ಮಿಟ್ ಇದೆ" ಅಂದ ತಕ್ಷಣ ಸುಮ್ಮನಾಗದೆ ಮುಂದಿನ ಪ್ರಶ್ನೆ ಕೇಳಿದಿರಲ್ಲ, ಒಳ್ಳೇದಾಯ್ತು. ಇಂಥ ಡ್ರಮ್ಮುಗಳ ಪಕ್ಕದಲ್ಲಿ ನಾನು ತುಂಬಾ ವರ್ಷ ಕಳೆದಿದ್ದೇನೆ. ನನ್ನನ್ನು ಕೇಳಿದರೆ, ಆ ಕಾಗದಕ್ಕಿಂತ ಮುಖ್ಯವಾದದ್ದು ಎರಡು ಡ್ರಮ್ಮುಗಳ ಮಧ್ಯದ ಪೈಪಿಗೆ ಹಾಕಿರುವ ಒಂದು ಪುಟ್ಟ ನಲ್ಲಿ. ಮುಂದಿನ ಸಲ ಬೇಲಿಯ ಸಂದಿಯಿಂದ ನೋಡಿ, ಕಂಡೀತು. ಅದರ ಕಥೆಗೆ ಬರುತ್ತೇನೆ. ಮೊದಲು ಆ ಪಂಪು ಯಾಕೆ ಓಡುತ್ತಿದೆ ಅನ್ನೋದು.

ಹಳೇ ಬಂಕುಗಳ ಟ್ಯಾಂಕುಗಳು ಹೆಚ್ಚಾಗಿ ಬರೀ ಉಕ್ಕಿನವು. ಮಣ್ಣಲ್ಲಿ ಹೂತ ಉಕ್ಕಿಗೆ ತುಕ್ಕು ಹಿಡಿಯುತ್ತದೆ, ಪೈಪಿನ ಜಾಯಿಂಟುಗಳು ಜಿನುಗುತ್ತವೆ. ಜಿನುಗಿದ ಪೆಟ್ರೋಲ್ ಕೆಳಗಿಳಿದು, ಅಂತರ್ಜಲ ಸಿಕ್ಕ ಕಡೆ ಅದರ ಮೇಲೆ ತೇಲುತ್ತದೆ. ಎಣ್ಣೆ ನೀರು ಬೆರೆಯಲ್ಲ ಅಂತೀವಿ, ಆದರೆ ಪೆಟ್ರೋಲಿನಲ್ಲಿ ಕೆಲವು ಅಂಶಗಳು ಸ್ವಲ್ಪ ಸ್ವಲ್ಪ ಕರಗುತ್ತವೆ. ಬೆಂಜೀನ್, ಟಾಲ್ವೀನ್, ಈಥೈಲ್‌ಬೆಂಜೀನ್, ಕ್ಸೈಲೀನ್. ನಾಲ್ಕನ್ನೂ ಸೇರಿಸಿ ಈ ಕೆಲಸದವರು ಬಿಟೆಕ್ಸ್ ಅಂತಾರೆ. ಇವುಗಳಲ್ಲಿ ಬೆಂಜೀನ್ ರಕ್ತದ ಕ್ಯಾನ್ಸರ್ ತರಬಲ್ಲದ್ದು. ಅದಕ್ಕೇ ಎಲ್ಲರ ಕಣ್ಣು ಅದರ ಮೇಲೆ.

ಅಮೆರಿಕದಲ್ಲಿ ಕುಡಿಯುವ ನೀರಿನಲ್ಲಿ ಬೆಂಜೀನ್ ಲೀಟರಿಗೆ 5 ಮೈಕ್ರೋಗ್ರಾಂ ದಾಟಬಾರದು. ಕ್ಯಾಲಿಫೋರ್ನಿಯಾದಲ್ಲಿ ಇನ್ನೂ ಬಿಗಿ, 1 ಮೈಕ್ರೋಗ್ರಾಂ. ಇದು ಎಷ್ಟು ಸಣ್ಣದು ಅಂದರೆ, ಒಂದು ಟೀ ಚಮಚ ಪೆಟ್ರೋಲ್ ತಗೊಳ್ಳಿ. ಅದರಲ್ಲಿ ನೂರಕ್ಕೆ ಒಂದು ಪಾಲು ಬೆಂಜೀನ್ ಇದೆ ಅಂದುಕೊಳ್ಳೋಣ. ಆ ಒಂದು ಚಮಚದ ಬೆಂಜೀನನ್ನು 1 ಮೈಕ್ರೋಗ್ರಾಂ ಮಟ್ಟಕ್ಕೆ ಇಳಿಸಬೇಕಾದರೆ ಸುಮಾರು 44 ಸಾವಿರ ಲೀಟರ್ ನೀರು ಬೇಕು. ಬೆಂಗಳೂರಿನ ಲೆಕ್ಕದಲ್ಲಿ ಹೇಳಿದರೆ 12 ಸಾವಿರ ಲೀಟರಿನ ದೊಡ್ಡ ಟ್ಯಾಂಕರ್, ಹತ್ತಿರ ಹತ್ತಿರ ನಾಲ್ಕು. ಒಂದು ಚಮಚಕ್ಕೆ!

ಹಾಗಾಗಿ ಬೋರ್ ಹೊಡೆದು, ಕೆಟ್ಟ ನೀರನ್ನು ಮೇಲಕ್ಕೆತ್ತಿ, ತೊಳೆದು, ಎಲ್ಲೋ ಒಂದು ಕಡೆ ಬಿಡುತ್ತಾರೆ. ಎತ್ತುವುದರಿಂದ ಇನ್ನೊಂದು ಲಾಭ ಇದೆ. ನೆಲದಡಿಯಲ್ಲಿ ಹರಡುತ್ತಿರುವ ಆ ಕೊಳೆ ಪಂಪಿನ ಕಡೆಗೇ ಎಳೆದುಕೊಂಡು ಬರುತ್ತದೆ, ಪಕ್ಕದವರ ಬಾವಿ ಕಡೆ ಹೋಗಲ್ಲ. ಆದರೆ ತಲೆನೋವಿರೋದು "ಎಲ್ಲೋ ಒಂದು ಕಡೆ" ಅನ್ನುವಲ್ಲಿ. ನಿಮಿಷಕ್ಕೆ 5 ಗ್ಯಾಲನ್ ಎತ್ತುವ ಸಣ್ಣ ಪಂಪು ಕೂಡ ದಿನಕ್ಕೆ 27 ಸಾವಿರ ಲೀಟರ್ ಹೊರಗೆ ಹಾಕುತ್ತದೆ.

ಕಾನೂನು ಏನು ಹೇಳುತ್ತದೆ? 1972ರ ಕ್ಲೀನ್ ವಾಟರ್ ಆಕ್ಟ್ ಪ್ರಕಾರ, ಪೈಪಿನಿಂದ ಕ್ರೀಕಿಗೋ ನದಿಗೋ ಕೊಳೆ ಬಿಡಬೇಕಾದರೆ ಪರ್ಮಿಟ್ ಬೇಕು. "ನಾವು ಪರಿಸರ ಶುದ್ಧ ಮಾಡ್ತಿದ್ದೀವಿ ಕಣ್ರೀ" ಅಂದರೆ ವಿನಾಯಿತಿ ಇಲ್ಲ. ಕಾರ್ಖಾನೆಯ ಪೈಪಿಗೂ ಶುದ್ಧೀಕರಣದ ಪೈಪಿಗೂ ಒಂದೇ ಕಾನೂನು. ಮೋರಿಗೆ ಬಿಟ್ಟರೂ ಅಷ್ಟೇ, ಯಾಕೆಂದರೆ ನೀವೇ ಹೇಳಿದ ಹಾಗೆ ಮಳೆನೀರಿನ ಮೋರಿ ಯಾವ ಶುದ್ಧೀಕರಣ ಘಟಕಕ್ಕೂ ಹೋಗಲ್ಲ, ನೇರ ಕ್ರೀಕಿಗೆ ಹೋಗುತ್ತದೆ. ನಿಮ್ಮ ಕಡೆ ಈ ಪರ್ಮಿಟ್ ಕೊಡುವವರು ಸ್ಯಾನ್ ಫ್ರಾನ್ಸಿಸ್ಕೋ ಬೇ ವಲಯದ ವಾಟರ್ ಬೋರ್ಡ್. ಕಚೇರಿ ಓಕ್‌ಲ್ಯಾಂಡ್‌ನಲ್ಲಿ.

ನಿಮ್ಮ ಸ್ಯಾಂಟಾ ಕ್ಲಾರಾ ಕಣಿವೆಗೂ ಈ ಕಥೆಗೂ ಹಳೇ ನಂಟಿದೆ. 1981ರಲ್ಲಿ ದಕ್ಷಿಣ ಸ್ಯಾನ್ ಹೋಸೆಯ ಫೇರ್‌ಚೈಲ್ಡ್ ಚಿಪ್ ಕಾರ್ಖಾನೆಯ ನೆಲದಡಿಯ ಟ್ಯಾಂಕ್ ಸೋರಿ, ದ್ರಾವಕ ಕುಡಿಯುವ ನೀರಿನ ಬಾವಿ ಸೇರಿದ್ದು ಗೊತ್ತಾಯ್ತು. ಅದು ಪೆಟ್ರೋಲ್ ಅಲ್ಲ, ಆದರೂ "ನೆಲದಡಿಯ ಟ್ಯಾಂಕುಗಳನ್ನು ಯಾರು ನೋಡ್ತಿದ್ದಾರೆ?" ಅನ್ನುವ ಪ್ರಶ್ನೆ ಎದ್ದಿತು. 1983ರಲ್ಲಿ ರಾಜ್ಯದ ಕಾನೂನು, 1984ರಲ್ಲಿ ಇಡೀ ದೇಶಕ್ಕೆ ಕಾನೂನು, 1988ರಲ್ಲಿ ಅದರ ನಿಯಮ. ಹತ್ತು ವರ್ಷದೊಳಗೆ, ಅಂದರೆ 1998ರ ಡಿಸೆಂಬರ್ ಒಳಗೆ, ಹಳೇ ಟ್ಯಾಂಕುಗಳನ್ನು ಸರಿಪಡಿಸಿ ಇಲ್ಲವೇ ಬದಲಿಸಿ ಇಲ್ಲವೇ ಮುಚ್ಚಿ ಅಂದರು. ಎಲ್ಲರೂ ನೆಲ ಅಗೆದರು. ಅಗೆದ ಎಷ್ಟೋ ಕಡೆ ಸೋರಿಕೆ ಕಾಣಿಸಿತು.

ಆಗ ಅಧಿಕಾರಿಗಳ ಮೇಜಿನ ಮೇಲೆ ಅರ್ಜಿಗಳ ರಾಶಿ. ಒಂದೊಂದು ಬಂಕಿಗೂ ಬೇರೆ ಬೇರೆ ಪರ್ಮಿಟ್ ಬರೆಯುತ್ತಾ ಕೂತರೆ, ಆ ಕಡೆ ಕೊಳೆ ಹರಡುತ್ತಲೇ ಇರುತ್ತದೆ. ಅದಕ್ಕೆ ಅಮೆರಿಕದ ಪರಿಸರ ಸಂಸ್ಥೆ ಇಪಿಎ 1989ರಲ್ಲಿ ಪೆಟ್ರೋಲ್ ಸೋರಿಕೆ ಶುದ್ಧೀಕರಣಕ್ಕೆಂದೇ ಒಂದು ಮಾದರಿ ಪರ್ಮಿಟ್ ಮಾಡಿತು. ಅದರ ಮಿತಿ ಲೀಟರಿಗೆ ಬೆಂಜೀನ್ 5, ಒಟ್ಟು ಬಿಟೆಕ್ಸ್ 100 ಮೈಕ್ರೋಗ್ರಾಂ. ಇದರ ಜೊತೆಗೆ ನೆರವಿಗೆ ಬಂದದ್ದು ಜನರಲ್ ಪರ್ಮಿಟ್ ಅನ್ನುವ ಪದ್ಧತಿ. ಒಂದೇ ಥರದ ಕೆಲಸಕ್ಕೆ ಒಂದೇ ಪರ್ಮಿಟ್ ಬರೆದಿಡುತ್ತಾರೆ. ಬಂಕಿನವರು "ನಾವೂ ಇದರಡಿ ಬರ್ತೇವೆ" ಅಂತ ನೀರಿನ ಪರೀಕ್ಷೆ, ಯಂತ್ರದ ವಿವರ, ಪೈಪು ಬೀಳುವ ಜಾಗ ಎಲ್ಲಾ ಬರೆದು ಅರ್ಜಿ ಹಾಕಬೇಕು. ಬೋರ್ಡ್ ನೋಡಿ, ಒಪ್ಪಿದರೆ ಒಂದು ಪತ್ರ ಕೊಡುತ್ತದೆ. ನಿಮಗೆ "ಪರ್ಮಿಟ್ ಇದೆ" ಅಂದವರ ಹತ್ತಿರ ಇರುವುದು ಬಹುಶಃ ಆ ಪತ್ರ. ಜನರಲ್ ಪರ್ಮಿಟ್ಟಿನ ಆಯಸ್ಸು ಐದು ವರ್ಷ. ಆಮೇಲೆ ಮತ್ತೆ ಸಾರ್ವಜನಿಕರ ಅಭಿಪ್ರಾಯ ಕೇಳಿ ಹೊಸದು ಬರೆಯಬೇಕು. ನೀವು ಕೂಡ ಆಗ ಪತ್ರ ಬರೆಯಬಹುದು.

ಕ್ರೀಕಿಗೇ ಯಾಕೆ ಬಿಡಬೇಕು ಅನ್ನೋದು ಒಳ್ಳೇ ಪ್ರಶ್ನೆ. ನಿಮ್ಮ ವಲಯದ ಬೋರ್ಡ್ 1988ರಲ್ಲೇ ಒಂದು ನಿರ್ಣಯ ಮಾಡಿದೆ. ಎತ್ತಿದ ನೀರನ್ನು ಮೊದಲು ಮರುಬಳಕೆ ಮಾಡಲು ನೋಡಿ, ಗಿಡಕ್ಕೋ ಕೂಲಿಂಗ್ ಟವರಿಗೋ. ಆಗದಿದ್ದರೆ ಒಳಚರಂಡಿಗೆ ಕೊಡಿ. ಅದೂ ಆಗದಿದ್ದರೆ ಮಾತ್ರ ಮೋರಿ, ಕ್ರೀಕು. ಕಾಗದದ ಮೇಲೆ ಬಹಳ ಚೆನ್ನಾಗಿದೆ, ಅಲ್ವಾ? ನಿಜವಾಗಿ ಆಗುವುದು ಹೀಗೆ. ಒಳಚರಂಡಿಗೆ ಬಿಡಲು ನಗರಸಭೆ ಗ್ಯಾಲನ್ ಲೆಕ್ಕದಲ್ಲಿ ದುಡ್ಡು ಕೇಳುತ್ತದೆ, "ನಮ್ಮ ಘಟಕದಲ್ಲಿ ಜಾಗ ಇಲ್ಲ" ಅಂತಲೂ ಹೇಳಬಹುದು. ಮರುಬಳಕೆಗೆ ಹತ್ತಿರದಲ್ಲಿ ತೋಟ ಬೇಕು, ಮಳೆಗಾಲದಲ್ಲಿ ತೋಟಕ್ಕೆ ನೀರು ಬೇಡ, ಪಂಪು ಮಾತ್ರ ನಿಲ್ಲಲ್ಲ. ಕೊನೆಗೆ ಬಂಕಿನವರ ಸಲಹೆಗಾರರು "ಆರ್ಥಿಕವಾಗಿ ಸಾಧ್ಯವಿಲ್ಲ" ಅಂತ ಎರಡು ಪ್ಯಾರಾ ಬರೆದು ಕ್ರೀಕಿಗೆ ಅರ್ಜಿ ಹಾಕುತ್ತಾರೆ. ಅಂಥ ಎರಡು ಪ್ಯಾರಾಗಳನ್ನು ನಾನೂ ಬರೆದಿದ್ದೇನೆ. ಬರಗಾಲದ ಕ್ಯಾಲಿಫೋರ್ನಿಯಾದಲ್ಲಿ ಅಷ್ಟು ಸುಲಭವಾಗಿ ಅದನ್ನು ಒಪ್ಪಬಾರದು ಅನ್ನೋದು ಈಗಿನ ನನ್ನ ಅಭಿಪ್ರಾಯ.

ಬಿಡುವ ನೀರಿನ ಮಿತಿಯನ್ನು ಎರಡು ಕಡೆಯಿಂದ ಅಳೆಯುತ್ತಾರೆ. ಒಂದು, ಈಗಿರುವ ಒಳ್ಳೇ ಯಂತ್ರದಿಂದ ಎಷ್ಟು ಶುದ್ಧ ಮಾಡಲು ಆಗುತ್ತದೆ? ಎರಡು, ಆ ಕ್ರೀಕು ಎಷ್ಟನ್ನು ತಡೆದುಕೊಳ್ಳುತ್ತದೆ? ಯಾವುದು ಬಿಗಿಯೋ ಅದೇ ಮಿತಿ. ಬೇಸಿಗೆಯಲ್ಲಿ ನಿಮ್ಮ ಕಡೆಯ ಕ್ರೀಕುಗಳಲ್ಲಿ ಅಷ್ಟಾಗಿ ನೀರೇ ಇರಲ್ಲ. "ನದಿ ನೀರಿನಲ್ಲಿ ಬೆರೆತು ತೆಳುವಾಗುತ್ತೆ ಬಿಡಿ" ಅನ್ನುವ ವಾದ ಅಲ್ಲಿ ನಿಲ್ಲೋದಿಲ್ಲ, ಆ ಪೈಪಿನ ನೀರೇ ಕ್ರೀಕು ಆಗಿರುತ್ತದೆ. ಆದ್ದರಿಂದ ಪೈಪಿನ ಬಾಯಲ್ಲೇ ನೀರು ಮಿತಿಯೊಳಗಿರಬೇಕು. ಬೆಂಜೀನಿನ ಮಿತಿ ಮೇಲೆ ಹೇಳಿದ ಕುಡಿಯುವ ನೀರಿನ ಅಂಕಿಯ ಆಸುಪಾಸಿನಲ್ಲೇ ಇರುತ್ತದೆ.

ಇನ್ನು ಡ್ರಮ್ಮುಗಳು. ಒಳಗಿರುವುದು ಆಕ್ಟಿವೇಟೆಡ್ ಕಾರ್ಬನ್, ಅಂದರೆ ಒಂಥರಾ ಇದ್ದಿಲು. ತೆಂಗಿನ ಚಿಪ್ಪಿನಿಂದ ಮಾಡಿದ್ದೂ ಇರುತ್ತದೆ, ಕಲ್ಲಿದ್ದಲಿನದೂ ಇರುತ್ತದೆ. ಅದರ ಕಾಳು ಕಾಳಿನಲ್ಲಿ ಕಣ್ಣಿಗೆ ಕಾಣದ ಲಕ್ಷಾಂತರ ರಂಧ್ರ. ಬೆಂಜೀನ್ ಅಲ್ಲಿ ಹೋಗಿ ಅಂಟಿಕೊಂಡು ಕೂರುತ್ತದೆ. ಮೊದಲ ಡ್ರಮ್ ತುಂಬಿದ ಮೇಲೆ ಏನಾಗುತ್ತದೆ? ಅದು ಹಿಡಿಯುವುದನ್ನು ನಿಲ್ಲಿಸುತ್ತದೆ, ನೀರು ಮಾತ್ರ ಹಾಗೇ ಹರಿಯುತ್ತಿರುತ್ತದೆ. ಬಣ್ಣ ಬದಲಾಗಲ್ಲ, ಗಂಟೆ ಹೊಡೆಯಲ್ಲ. ಅದಕ್ಕೇ ಎರಡನೇ ಡ್ರಮ್, ಅದಕ್ಕೇ ಮಧ್ಯದ ನಲ್ಲಿ. ಮಧ್ಯದ ನಲ್ಲಿಯ ನೀರಿನಲ್ಲಿ ಕೊಳೆ ಕಾಣಿಸಿತು ಅಂದರೆ ಮೊದಲನೆಯದು ಸೋತಿತು ಅಂತ. ಎರಡನೆಯದು ಇನ್ನೂ ಕಾಯುತ್ತಿದೆ. ಆ ಸಮಯದೊಳಗೆ ಕಾರ್ಬನ್ ಬದಲಿಸಬೇಕು. ಕಾರ್ಬನ್ ಸೋಲುತ್ತದೆ ಅಂತ ಮೊದಲೇ ಒಪ್ಪಿಕೊಂಡು, ಸೋತದ್ದು ಕ್ರೀಕಿಗಿಂತ ಮೊದಲು ಮನುಷ್ಯರಿಗೆ ಗೊತ್ತಾಗಲಿ ಅಂತ ಮಾಡಿದ ಏರ್ಪಾಡು ಅದು.

ಇಲ್ಲಿ ಒಬ್ಬ ಕಿಲಾಡಿ ಇದ್ದಾನೆ. ಎಂಟಿಬಿಇ ಅಂತ ಹೆಸರು. ಸೀಸ ತೆಗೆದ ಪೆಟ್ರೋಲಿಗೆ ಆಕ್ಟೇನ್ (ಎಂಜಿನ್ ಬಡಿದುಕೊಳ್ಳದಂತೆ ತಡೆಯುವ ಗುಣ) ಹೆಚ್ಚಿಸಲು 1979ರಿಂದ ಬೆರೆಸಲು ಶುರು ಮಾಡಿದರು. 1990ರ ಗಾಳಿ ಶುದ್ಧತೆಯ ಕಾನೂನಿನ ತಿದ್ದುಪಡಿ ಬಂದ ಮೇಲೆ, ಹೊಗೆ ಕಡಿಮೆ ಮಾಡಲು ಅಂತ ಇನ್ನೂ ಜಾಸ್ತಿ ಬೆರೆಸಿದರು. ಗಾಳಿಗೆ ಒಳ್ಳೇದಾಯ್ತೋ ಏನೋ, ನೀರಿಗೆ ಮಾತ್ರ ಕೆಟ್ಟದಾಯ್ತು. ನೀರಿನಲ್ಲಿ ಅದು ಬೆಂಜೀನಿಗಿಂತ ಸುಮಾರು 25 ಪಟ್ಟು ಜಾಸ್ತಿ ಕರಗುತ್ತದೆ, ಮಣ್ಣಿಗೆ ಅಂಟದೆ ಮುಂದೆ ಮುಂದೆ ಓಡುತ್ತದೆ. 1996ರಲ್ಲಿ ಸ್ಯಾಂಟಾ ಮೋನಿಕಾ ನಗರ ಇದೇ ಕಾರಣಕ್ಕೆ ಬಾವಿಗಳನ್ನು ಮುಚ್ಚಿತು. ನಗರದ ಹತ್ತಿರ ಹತ್ತಿರ ಅರ್ಧ ನೀರು ಅಲ್ಲಿಂದಲೇ ಬರುತ್ತಿತ್ತು. 1999ರಲ್ಲಿ ಗವರ್ನರ್ ಗ್ರೇ ಡೇವಿಸ್ ಇದನ್ನು ಕೈಬಿಡಲು ಆದೇಶ ಕೊಟ್ಟರು. 2004ರ ಹೊತ್ತಿಗೆ ಕ್ಯಾಲಿಫೋರ್ನಿಯಾದ ಪೆಟ್ರೋಲಿನಿಂದ ಅದು ಹೋಯಿತು.

ಕಾರ್ಬನ್ನಿನೊಳಗೆ ಇದರ ಆಟ ನಮ್ಮ ಕೆಂಪು ಬಸ್ಸಿನ ಹಾಗೆ. ಬೆಂಜೀನ್ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿದು ಕೂರುವ ಪ್ರಯಾಣಿಕ. ಎಂಟಿಬಿಇ ಸೀಟಿನ ತುದಿಯಲ್ಲಿ ಕೂತವನು. ಹೊಸ ಜನ ಹತ್ತಿದ ಹಾಗೆ ಅವನನ್ನು ಎಬ್ಬಿಸುತ್ತಾರೆ, ಮುಂದಿನ ಬಾಗಿಲಿನಿಂದ ಮೊದಲು ಇಳಿಯುವವನೂ ಅವನೇ. ಹಾಗಾಗಿ ಬರೀ ಬೆಂಜೀನ್ ನೋಡಿಕೊಂಡು "ಎಲ್ಲಾ ಸರಿಯಾಗಿದೆ" ಅಂತ ಕೂತರೆ ಎಂಟಿಬಿಇ ಯಾವಾಗಲೋ ದಾಟಿ ಹೋಗಿರುತ್ತದೆ. ಹಳೇ ಸೋರಿಕೆಯ ಜಾಗವಾದರೆ ಎಂಟಿಬಿಇ ಅಂಕಿಯನ್ನೇ ಮೊದಲು ಹುಡುಕಿ.

ನನ್ನದೇ ಒಂದು ತಪ್ಪು ಹೇಳುತ್ತೇನೆ. ಒಂದು ಹಳೇ ಬಂಕಿನ ಕೆಲಸ. ಲ್ಯಾಬ್ ವರದಿ ಬಂತು. ಮಧ್ಯದ ನಲ್ಲಿಯ ನೀರು ಶುದ್ಧ. ಕೊನೆಯ ನಲ್ಲಿಯಲ್ಲಿ ಎಂಟಿಬಿಇ! ಎರಡನೇ ಡ್ರಮ್ ದಾಟಿದ ಮೇಲೆ ನೀರು ಕೆಡೋದಾದರೂ ಹೇಗೆ? ಲ್ಯಾಬಿನವರು ಬಾಟಲಿ ಅದಲು ಬದಲು ಮಾಡಿದ್ದಾರೆ ಅಂತ ಮೊದಲು ಅವರನ್ನೇ ಬೈದುಕೊಂಡೆ. ಆಮೇಲೆ ಸೈಟಿಗೆ ಹೋಗಿ ಹೋಸ್ ಪೈಪನ್ನು ಕೈಯಲ್ಲಿ ಹಿಡಿದುಕೊಂಡೇ ಉದ್ದಕ್ಕೂ ನಡೆದೆ. ಹಿಂದಿನ ತಿಂಗಳು ಕಾರ್ಬನ್ ಬದಲಿಸಿದಾಗ ಹೊಸ ಡ್ರಮ್ಮನ್ನು ಮೊದಲನೇ ಜಾಗಕ್ಕೆ ಜೋಡಿಸಿದ್ದರು, ಅರ್ಧ ಸವೆದ ಹಳೇ ಡ್ರಮ್ ಕೊನೆಯಲ್ಲೇ ಉಳಿದಿತ್ತು. ತಿರುಗಾಮುರುಗಾ ಆಗಬೇಕಿತ್ತು. ಹಳೆಯದು ಮುಂದಕ್ಕೆ, ಹೊಸದು ಕಾವಲಿಗೆ ಹಿಂದೆ. ಶುದ್ಧ ನೀರು ಹಳೇ ಡ್ರಮ್ಮಿನೊಳಗೆ ಹೋಗಿ, ಅಲ್ಲಿ ಕೂತಿದ್ದ ಎಂಟಿಬಿಇಯನ್ನು ಎಬ್ಬಿಸಿಕೊಂಡು ಹೊರಬರುತ್ತಿತ್ತು. ಬದಲಿಸಿದ ದಿನದ ಹಾಳೆಗೆ ಸಹಿ ಹಾಕಿದವನು ನಾನೇ. ಪಂಪು ನಿಲ್ಲಿಸಿದೆವು. ಪರ್ಮಿಟ್ ಪ್ರಕಾರ 24 ಗಂಟೆಯೊಳಗೆ ಫೋನು, ಐದು ದಿನದೊಳಗೆ ಬರಹದಲ್ಲಿ ವರದಿ. ಆ ಐದು ದಿನ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ.

ಸ್ಯಾಂಪಲ್ ಹಿಡಿಯೋದು ಕೂಡ ಸುಮ್ನೆ ಬಾಟಲಿಗೆ ನೀರು ತುಂಬಿದ ಹಾಗಲ್ಲ. 40 ಮಿಲಿಲೀಟರಿನ ಪುಟ್ಟ ಗಾಜಿನ ಸೀಸೆ, ಒಳಗೆ ಮೊದಲೇ ಹಾಕಿದ ಎರಡು ಹನಿ ಆಸಿಡ್. ನಲ್ಲಿಯನ್ನು ಸಣ್ಣಗೆ ತಿರುಗಿಸಿ, ನೀರು ಸೀಸೆಯ ಗೋಡೆಗೆ ಸವರಿಕೊಂಡು ಇಳಿಯುವ ಹಾಗೆ ಬಿಡಬೇಕು. ಬಾಯಿ ಮಟ್ಟಕ್ಕೆ ಬಂದ ಮೇಲೂ ಒಂದೆರಡು ಹನಿ. ನೀರು ಗುಮ್ಮಟದ ಹಾಗೆ ಉಬ್ಬಿ ನಿಲ್ಲುತ್ತದೆ. ಆಗ ಮುಚ್ಚಳ. ಸೀಸೆಯನ್ನು ತಲೆಕೆಳಗು ಮಾಡಿ ಬೆರಳಲ್ಲಿ ತಟ್ಟಿ ನೋಡಬೇಕು, ಗುಳ್ಳೆ ಎದ್ದರೆ ಬಿಸಾಕಿ ಬೇರೆ ಸೀಸೆ ತಗೋಬೇಕು. ಯಾಕೆಂದರೆ ಬೆಂಜೀನ್ ಆ ಗುಳ್ಳೆಯೊಳಗೆ ಹಾರಿ ಕೂರುತ್ತದೆ, ಲ್ಯಾಬಿನಲ್ಲಿ ನೀರು ಇರುವುದಕ್ಕಿಂತ ಶುದ್ಧವಾಗಿ ಕಾಣುತ್ತದೆ. ಆಮೇಲೆ ಐಸ್ ಪೆಟ್ಟಿಗೆ, ಯಾರ ಕೈಯಿಂದ ಯಾರ ಕೈಗೆ ಹೋಯಿತು ಅನ್ನುವ ಸಹಿಯ ಚೀಟಿ, 14 ದಿನದೊಳಗೆ ಪರೀಕ್ಷೆ. ಚಳಿಗೆ ಬೆರಳು ಮರಗಟ್ಟಿದ ಬೆಳಿಗ್ಗೆ ಮೂರು ಸೀಸೆ ಬಿಸಾಕಿ ನಾಲ್ಕನೆಯದನ್ನು ಹಿಡಿಯಲು ತಾಳ್ಮೆ ಬೇಕು.

ಅಂಕಿಗಳು ನಾವು ಹುಡುಕಿದ್ದನ್ನು ಮಾತ್ರ ತೋರಿಸುತ್ತವೆ. ಅದಕ್ಕೆ ಈ ಪರ್ಮಿಟ್ಟುಗಳಲ್ಲಿ ಮೀನಿನ ಪರೀಕ್ಷೆಯೂ ಇರುತ್ತದೆ. ಬಿಡುವ ನೀರಿನಲ್ಲಿ ಮರಿ ಟ್ರೌಟ್ ಮೀನುಗಳನ್ನು 96 ಗಂಟೆ ಇಟ್ಟು ಎಷ್ಟು ಬದುಕಿದವು ಅಂತ ಎಣಿಸುತ್ತಾರೆ. ಯಾವ ಪಟ್ಟಿಯಲ್ಲೂ ಇಲ್ಲದ ವಿಷ ಇದ್ದರೆ ಮೀನು ಹೇಳುತ್ತದೆ. ಪಿಎಚ್, ಅಂದರೆ ನೀರಿನ ಆಮ್ಲ-ಕ್ಷಾರದ ಅಳತೆ, 6.5ರಿಂದ 8.5ರ ನಡುವೆ ಇರಬೇಕು. ಅಂದ ಹಾಗೆ, ಪೈಪಿನ ಬಾಯಲ್ಲಿ ಕಿತ್ತಳೆ ಬಣ್ಣದ ಲೋಳೆ ಕಂಡರೆ ಹೆದರಬೇಡಿ. ಅದು ಸಾಮಾನ್ಯವಾಗಿ ಕಬ್ಬಿಣ. ನೆಲದಡಿಯಲ್ಲಿ ಕರಗಿಕೊಂಡಿದ್ದದ್ದು ಗಾಳಿ ತಾಗಿದ ಕೂಡಲೇ ತುಕ್ಕಾಗುತ್ತದೆ. ಕಾರ್ಬನ್ ಡ್ರಮ್ಮುಗಳು ಕಟ್ಟಿಕೊಳ್ಳುವ ಹಾಗೆ ಮಾಡಿ ಕಾಡುವುದರಲ್ಲಿ ಪೆಟ್ರೋಲಿಗಿಂತ ಈ ಕಬ್ಬಿಣವೇ ಮುಂದು.

ಈಗ ನೀವು ಮಾಡಬಹುದಾದ್ದು. ರಾಜ್ಯದ ವಾಟರ್ ಬೋರ್ಡಿನ ಜಿಯೋಟ್ರ್ಯಾಕರ್ ಅನ್ನುವ ವೆಬ್‌ಸೈಟ್ ಇದೆ, ಯಾರು ಬೇಕಾದರೂ ನೋಡಬಹುದು. ನಿಮ್ಮ ರಸ್ತೆಯ ವಿಳಾಸ ಹಾಕಿ. ಆ ಬಂಕಿನ ಹೆಸರಲ್ಲಿ ವರ್ಷಗಟ್ಟಲೆಯ ವರದಿ ಸಿಗುತ್ತದೆ. ಪೈಪಿನ ನೀರಿನ ಸ್ವಂತ ತಪಾಸಣೆ ವರದಿ ಅಲ್ಲಿ ಸಿಗದಿದ್ದರೆ ವಲಯದ ಬೋರ್ಡನ್ನು ಕೇಳಿ, ಅದು ಸಾರ್ವಜನಿಕ ದಾಖಲೆ. ಮೂರು ಸಾಲು ನೋಡಿ: ಒಳಗೆ ಬರುವ ನೀರು, ಮಧ್ಯದ ನಲ್ಲಿ, ಹೊರಗೆ ಹೋಗುವ ನೀರು. ಹೊರಗಿನದು ಶೂನ್ಯ ಅಂತ ಇದ್ದರೆ ಅಲ್ಲಿಗೇ ನಿಲ್ಲಬೇಡಿ. ಮಧ್ಯದ ಅಂಕಿ ಏರುತ್ತಿದೆಯಾ, ಏರಿದ ಮೇಲೆ ಎಷ್ಟು ದಿನಕ್ಕೆ ಕಾರ್ಬನ್ ಬದಲಿಸಿದರು ಅಂತ ನೋಡಿ. ವಾರದೊಳಗೆ ಬದಲಿಸಿದವರು ಒಳ್ಳೇ ಕೆಲಸಗಾರರು. ಮೂರು ತಿಂಗಳು ಎಳೆದಿದ್ದರೆ ಬೋರ್ಡಿಗೆ ಬರೆಯಿರಿ. ಮಿತಿ ಮೀರಿ ಬಿಟ್ಟರೆ ದಂಡ ಇದೆ. ಕ್ಯಾಲಿಫೋರ್ನಿಯಾದಲ್ಲಿ 2000ದಿಂದ, ಗಂಭೀರ ಉಲ್ಲಂಘನೆ ಒಂದಕ್ಕೆ ಕನಿಷ್ಠ 3,000 ಡಾಲರ್ ಹಾಕಲೇಬೇಕು, ಅಧಿಕಾರಿ ಮನಸ್ಸು ಮಾಡಿದರೂ ಬಿಡುವಂತಿಲ್ಲ. ದೊಡ್ಡ ಕಂಪನಿಗೆ ಅದು ಚಿಲ್ಲರೆ ದುಡ್ಡು ಅನ್ನೋದೂ ನಿಜ.

ಒಂದು ದಿನ ಆ ಪಂಪು ನಿಂತದ್ದು ಕಂಡರೆ "ದುಡ್ಡು ಉಳಿಸಲು ಬಿಟ್ಟು ಹೋದರು" ಅಂದುಕೊಳ್ಳಬೇಡಿ. 1995ರಲ್ಲಿ ಲಿವರ್‌ಮೋರ್ ಪ್ರಯೋಗಾಲಯದವರು ರಾಜ್ಯದ ಸೋರಿಕೆ ಜಾಗಗಳನ್ನು ಅಧ್ಯಯನ ಮಾಡಿದಾಗ, ಬೆಂಜೀನ್ ಹೆಚ್ಚಿನ ಕಡೆ ಸೋರಿದ ಜಾಗದಿಂದ 250 ಅಡಿಯ ಆಸುಪಾಸಿನೊಳಗೇ ನಿಂತಿತ್ತು. ಮಣ್ಣಿನ ಬ್ಯಾಕ್ಟೀರಿಯಾಗಳು ಅದನ್ನು ತಿಂದು ಮುಗಿಸುತ್ತವೆ. 2012ರಲ್ಲಿ ರಾಜ್ಯ ಬೋರ್ಡ್ ಕಡಿಮೆ ಅಪಾಯದ ಜಾಗಗಳ ಫೈಲ್ ಮುಚ್ಚಲು ನೀತಿಯನ್ನೇ ತಂದಿತು. ಅರ್ಧಕ್ಕರ್ಧ ಸರಿ ಅನ್ನಿಸುತ್ತದೆ ನನಗೆ. ಹತ್ತಿರದಲ್ಲಿ ಕುಡಿಯುವ ನೀರಿನ ಬಾವಿ ಇದ್ದರೆ ಮಾತ್ರ ನಾನು ಬ್ಯಾಕ್ಟೀರಿಯಾ ನಂಬಿ ಕೂರುವವನಲ್ಲ.

ನಮ್ಮೂರಿನ ವಿಷಯ. 1974ರ ಜಲ ಕಾಯ್ದೆ ಇದೆ, ನೀರು ಬಿಡಲು ಕರ್ನಾಟಕದ ಮಾಲಿನ್ಯ ನಿಯಂತ್ರಣ ಮಂಡಳಿಯ ಒಪ್ಪಿಗೆ ಬೇಕು. ಆದರೆ ಹೊಳೆ, ಕೆರೆಗೆ ಬಿಡುವ ನೀರಿನ ಸಾಮಾನ್ಯ ಮಾನದಂಡದಲ್ಲಿ ಇರುವುದು ಎಣ್ಣೆ ಮತ್ತು ಗ್ರೀಸ್, ಲೀಟರಿಗೆ 10 ಮಿಲಿಗ್ರಾಂ. ಅಂದರೆ 10,000 ಮೈಕ್ರೋಗ್ರಾಂ. ಇದರಲ್ಲಿ ಒಂದು ತಮಾಷೆ ಇದೆ. ಆ ಪರೀಕ್ಷೆಯಲ್ಲಿ ಎಣ್ಣೆಯನ್ನು ದ್ರಾವಕದಲ್ಲಿ ಎಳೆದು, ಕಾಯಿಸಿ, ದ್ರಾವಕ ಹಾರಿದ ಮೇಲೆ ಉಳಿದದ್ದನ್ನು ತೂಗುತ್ತಾರೆ. ಬೆಂಜೀನ್ ಕುದಿಯುವುದೇ 80 ಡಿಗ್ರಿಗೆ, ಅದು ದ್ರಾವಕದ ಜೊತೆಯಲ್ಲೇ ಹಾರಿಹೋಗಿರುತ್ತದೆ. ಹಾಗಾಗಿ ಎಣ್ಣೆ-ಗ್ರೀಸ್ ಪಾಸಾದ ನೀರಿನಲ್ಲಿ ಬೆಂಜೀನ್ ಇಲ್ಲ ಅಂತ ಹೇಳಲು ಬರುವುದಿಲ್ಲ. ಬಂಕಿನ ಅಂತರ್ಜಲಕ್ಕೆ ಬೆಂಜೀನನ್ನೇ ಹೆಸರಿಟ್ಟು ಅಳೆಯಬೇಕು. ಕಲುಷಿತ ಜಾಗಗಳಿಗೆಂದೇ ಕೇಂದ್ರ ಸರ್ಕಾರ 2025ರ ಜುಲೈನಲ್ಲಿ ನಿಯಮ ತಂದಿದೆ, ಕೆಡಿಸಿದವರೇ ಖರ್ಚು ಕೊಡಬೇಕು ಅನ್ನುತ್ತದೆ. ಊರಿನಲ್ಲಿ ನಿಮ್ಮವರ ಬಾವಿ ನೀರು ಪೆಟ್ರೋಲ್ ವಾಸನೆ ಬಂದರೆ, ಮಂಡಳಿಗೆ ಬರೆಯುವಾಗ "ಬಿಟೆಕ್ಸ್ ಪರೀಕ್ಷೆ ಮಾಡಿಸಿ" ಅಂತ ಆ ಪದವನ್ನೇ ಬರೆಯಿರಿ.

ಕೊನೆಗೆ ಮಗಳು. ವರದಿಯಲ್ಲಿ ಕೊನೆಯ ಸಾಲು ಮಿತಿಯೊಳಗಿದ್ದರೆ, ಆ ಪೈಪಿನ ಕಾರಣಕ್ಕೆ ಅವಳನ್ನು ಕ್ರೀಕಿನಿಂದ ದೂರ ಇಡಬೇಕಿಲ್ಲ. ಕುಡಿಯುವುದು ಬೇಡ, ಮನೆಗೆ ಬಂದ ಮೇಲೆ ಕೈ ತೊಳೆಸಿ. ನಾನು ದೂರ ಇಡುವುದು ಅಕ್ಟೋಬರ್ ನವೆಂಬರಿನಲ್ಲಿ ಮೊದಲ ಮಳೆ ಬಂದ ದಿನ. ಬೇಸಿಗೆಯಿಡೀ ರಸ್ತೆಯಲ್ಲಿ ಸೋರಿದ ಎಂಜಿನ್ ಆಯಿಲ್, ಬ್ರೇಕಿನ ಪುಡಿ, ನಾಯಿಗಳ ಕಕ್ಕ ಎಲ್ಲಾ ಅದೇ ಮೋರಿಯಲ್ಲಿ ಕೊಚ್ಚಿಕೊಂಡು ಬರುತ್ತದೆ. ಅದಕ್ಕೆ ಡ್ರಮ್ಮೂ ಇಲ್ಲ, ನಲ್ಲಿಯೂ ಇಲ್ಲ.